ಫ್ರೇಮ್ ಪ್ರಿಎಂಪ್ಷನ್: ವೆರಿಫೈ ಆಫ್ ಮಾಡಬೇಡಿ

100 ಎಂಬಿಪಿಎಸ್ ಲಿಂಕ್‌ನಲ್ಲಿ 1500 ಬೈಟ್ ಹೊತ್ತ ಫ್ರೇಮ್ (ಈಥರ್ನೆಟ್‌ನ ಡೇಟಾ ಪೊಟ್ಟಣ) ಹೊರಟರೆ ಸುಮಾರು 123 ಮೈಕ್ರೋಸೆಕೆಂಡ್ ಕೇಬಲ್ ಅದರದೇ. ಅಷ್ಟರಲ್ಲಿ ಮೋಟಾರ್ ನಿಲ್ಲಿಸುವ ಆದೇಶ ಬಂದರೂ ಕಾಯಲೇಬೇಕು. ದೊಡ್ಡ ಫ್ರೇಮನ್ನು ಅರ್ಧಕ್ಕೆ ತುಂಡರಿಸಿ, ಅವಸರದ್ದನ್ನು ಮೊದಲು ಬಿಡುವುದೇ ಫ್ರೇಮ್ ಪ್ರಿಎಂಪ್ಷನ್. ಲಿನಕ್ಸ್‌ನಲ್ಲಿ ಇದನ್ನು ಆನ್ ಮಾಡುವುದು ಸುಲಭ, ಸರಿಯಾಗಿ ಮಾಡುವವರು ಕಡಿಮೆ.

ಮೊದಲು ಕರ್ನಲ್ 6.4 ಅಥವಾ ಅದಕ್ಕಿಂತ ಹೊಸದು ಇರಲಿ. ನೆಟ್‌ವರ್ಕ್ ಕಾರ್ಡ್ ಹೊಂದಿಸುವ ಈಥ್‌ಟೂಲ್ ಕಮಾಂಡ್‌ಗೆ ಶೋ-ಎಂಎಂ ಕೊಟ್ಟು ನೋಡಿ. ಸಪೋರ್ಟ್ ಇಲ್ಲ ಎಂದರೆ ಕಾರ್ಡ್ ಅಥವಾ ಡ್ರೈವರ್ ಬದಲಿಸದೆ ಬೇರೆ ದಾರಿಯಿಲ್ಲ. ಬರೀ 'ಟಿಎಸ್‌ಎನ್ (ಸಮಯಕ್ಕೆ ಸರಿಯಾಗಿ ತಲುಪಿಸುವ ನೆಟ್‌ವರ್ಕ್) ರೆಡಿ' ಅಂತ ಬರೆದಿರುವ ಡಬ್ಬ ನಂಬಿ ಕಾರ್ಡ್ ಕೊಳ್ಳಬೇಡಿ.

ಎಡವುವುದು ಮುಂದಿನ ಹಂತದಲ್ಲಿ. ಎರಡೂ ತುದಿಯಲ್ಲಿ ಈಥ್‌ಟೂಲ್‌ನ ಸೆಟ್-ಎಂಎಂನಿಂದ ಪಿಮ್ಯಾಕ್ (ತುಂಡಾಗಬಲ್ಲ ಫ್ರೇಮ್‌ಗಳನ್ನು ನೋಡಿಕೊಳ್ಳುವ ಭಾಗ) ಆನ್ ಮಾಡಿ. ಆಮೇಲೆ ವೆರಿಫೈ, ಟಿಎಕ್ಸ್ (ತುಂಡರಿಸಿ ಕಳಿಸುವುದು) ಎರಡನ್ನೂ ಆನ್ ಮಾಡಿ. ಪಿಮ್ಯಾಕ್ ಇಲ್ಲದೆ ಟಿಎಕ್ಸ್ ಕೇಳಿದರೆ ಕರ್ನಲ್ ಒಪ್ಪುವುದಿಲ್ಲ. ವೆರಿಫೈ ಎಂದರೆ ಆಚೆ ತುದಿಯನ್ನು 'ನಿನಗಿದು ಗೊತ್ತಾ?' ಎಂದು ಕೇಳುವುದು. ಮೂರು ಸಲ ಕೇಳಿಯೂ ಉತ್ತರ ಬರದಿದ್ದರೆ ಫೇಲ್ ಎಂದು ತೋರಿಸುತ್ತದೆ. ಆಗ ವೆರಿಫೈ ಆಫ್ ಮಾಡಿ 'ಆಯ್ತು' ಅನ್ನುವವರೇ ಜಾಸ್ತಿ. ಹೀಗೆ ಮಾಡಿದ ಒಂದು ಬೋರ್ಡ್‌ ಮುಂದೆ ನಾನು ಮಧ್ಯಾಹ್ನವಿಡೀ ಕೂತಿದ್ದೆ. ಎಕ್ಸ್‌ಪ್ರೆಸ್‌ನಲ್ಲಿದ್ದ, ಅಂದರೆ ತುಂಡಾಗದ ಅವಸರದ ಸಾಲಿನಲ್ಲಿದ್ದ, ಪಿಟಿಪಿ (ನೆಟ್‌ವರ್ಕ್ ಮೂಲಕ ಸಮಯ ಹೊಂದಿಸುವ) ಗಡಿಯಾರ ಸರಿಯಾಗಿ ಹೊಂದುತ್ತಿತ್ತು, ತುಂಡಾಗಬಲ್ಲ ಸಾಲಿನಲ್ಲಿದ್ದ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್) ಮಾತ್ರ ಸತ್ತಿತ್ತು. ಕಾರಣ ಸರಳ. ತುಂಡಾಗಬಲ್ಲ ಫ್ರೇಮ್‌ನ ಆರಂಭದ ಗುರುತೇ ಬೇರೆ, ಅದನ್ನು ಅರಿಯದ ಕಾರ್ಡ್ ಅದನ್ನು ಬಿಸಾಕುತ್ತದೆ. ಫೇಲ್ ಆದರೆ ನಡುವೆ ಸಾಮಾನ್ಯ ಸ್ವಿಚ್ ಇದೆಯಾ ನೋಡಿ. ಪ್ರಿಎಂಪ್ಷನ್ ಒಂದು ಕೇಬಲ್‌ನ ಎರಡು ತುದಿಗಳ ನಡುವಿನ ಒಪ್ಪಂದ, ಸ್ವಿಚ್ ದಾಟಿ ಹೋಗುವುದಿಲ್ಲ. ಸ್ವಿಚ್ ತೆಗೆದು ನೇರ ಕೇಬಲ್ ಹಾಕಿ, ಲಿಂಕ್ ಇಳಿಸಿ ಏರಿಸಿ. 'ಟಿಎಕ್ಸ್ ಆ್ಯಕ್ಟಿವ್: ಆನ್' ಎಂದು ಕಾಣುವವರೆಗೆ ಮುಂದೆ ಹೋಗಬೇಡಿ.

ತುಂಡಿನ ಕನಿಷ್ಠ ಗಾತ್ರ 60 ಬೈಟೇ ಇರಲಿ. ಆಚೆ ತುದಿ ಹೆಚ್ಚು ಕೇಳಿದರೆ ಮಾತ್ರ 124, 188 ಅಥವಾ 252ಕ್ಕೆ ಏರಿಸಿ.

ಇನ್ನು ಟಿಸಿಯಲ್ಲಿ (ಲಿನಕ್ಸ್‌ನ ಟ್ರಾಫಿಕ್ ನಿಯಂತ್ರಣ ಕಮಾಂಡ್) ಟ್ರಾಫಿಕ್ಕನ್ನು ಕ್ಲಾಸ್‌ಗಳಾಗಿ ವಿಂಗಡಿಸುವ ಎಂಕ್ಯೂಪ್ರಿಯೊ ಹಾಕಿ, ಎಫ್‌ಪಿ (ಫ್ರೇಮ್ ಪ್ರಿಎಂಪ್ಷನ್) ಎದುರು ಪ್ರತಿ ಟ್ರಾಫಿಕ್ ಕ್ಲಾಸಿಗೆ ಪಿ ಅಥವಾ ಇ ಬರೆಯಿರಿ. ಪಿ ತುಂಡಾಗಬಲ್ಲದ್ದು, ಇ ಎಕ್ಸ್‌ಪ್ರೆಸ್. ನಾನಂತೂ ಕ್ಲಾಸ್ ಸೊನ್ನೆಗೆ ಮಾತ್ರ ಪಿ ಕೊಡುತ್ತೇನೆ.

ನೆಟ್‌ವರ್ಕ್ ಪರೀಕ್ಷಿಸುವ ಐಪರ್ಫ್‌ನಿಂದ ಕ್ಲಾಸ್ ಸೊನ್ನೆ ತುಂಬಿಸಿ, ಜೊತೆಗೇ ಎಕ್ಸ್‌ಪ್ರೆಸ್ ಫ್ರೇಮ್ ಬಿಡಿ. ಅಂಕಿಅಂಶಗಳಲ್ಲಿ ಟಿಎಕ್ಸ್ ಫ್ರ್ಯಾಗ್ಮೆಂಟ್ (ಕಳಿಸಿದ ತುಂಡುಗಳ) ಎಣಿಕೆ ಏರಬೇಕು. ಎಕ್ಸ್‌ಪ್ರೆಸ್ ಬಿಡದೆ ಸುಮ್ನೆ ನೋಡಿದರೆ ಸೊನ್ನೆಯೇ ಇರುತ್ತದೆ, ಗಾಬರಿ ಬೇಡ. ರೀಬೂಟ್ ಆದರೆ ಇದೆಲ್ಲ ಅಳಿಸಿಹೋಗುತ್ತದೆ, ಹಾಗಾಗಿ ಇದೇ ಕ್ರಮದಲ್ಲಿ ಒಂದು ಸ್ಕ್ರಿಪ್ಟ್‌ಗೆ ಬರೆದಿಡಿ.