ಎರಡು ಟ್ಯೂಬು, ಎರಡು ಟೈಮು: ತಾಲ್ಲೂಕು ಲ್ಯಾಬಲ್ಲಿ ಟ್ರೋಪೋನಿನ್, ನನ್ನ ಅನುಭವ

ನಮ್ದು ಹಿರಿಯೂರು ಕಡೆ ಚಿಕ್ಕ ಲ್ಯಾಬು. ನಾನು, ಇನ್ನೊಬ್ಬ ಟೆಕ್ನೀಷಿಯನ್, ಬ್ಲಡ್ ತೆಗೆಯೋ ಹುಡುಗಿ ಒಬ್ಳು, ಇಷ್ಟೇ ಜನ. ಟ್ರೋಪೋನಿನ್ ಅಂದ್ರೆ ಹೃದಯದ ಮಾಂಸಕ್ಕೆ ಪೆಟ್ಟಾದ್ರೆ ರಕ್ತಕ್ಕೆ ಸೋರೋ ಪ್ರೊಟೀನು, ಹಾರ್ಟ್ ಅಟ್ಯಾಕ್ ಹಿಡಿಯೋಕೆ ಇದನ್ನ ಅಳೀತಾರೆ. ಅದನ್ನ ನಂಬರ್ ಸಮೇತ ಕೊಡ್ತೀನಿ, ಅದೂ ಮೂರು ಗಂಟೆ ಬಿಟ್ಟು ಇನ್ನೊಂದ್ಸಲ ಮಾಡಿ ಕೊಡ್ತೀನಿ ಅಂದಾಗ ಒಬ್ರೂ ಒಪ್ಲಿಲ್ಲ. ಫಿಸಿಷಿಯನ್ ಒಬ್ರು "ಇಸಿಜಿ ಇದ್ಯಲ್ಲಪ್ಪಾ, ಡೌಟ್ ಇದ್ರೆ ದಾವಣಗೆರೆಗೋ ಬೆಂಗಳೂರಿಗೋ ಕಳಿಸ್ತೀವಿ, ನೀನ್ಯಾಕೆ ಕೈ ಸುಟ್ಕೊಳ್ತೀಯ" ಅಂದ್ರು. ಲ್ಯಾಬ್ ಇಟ್ಟಿರೋ ಸ್ನೇಹಿತರು ಕಿಟ್ಟೆಲ್ಲ ಎಕ್ಸ್‌ಪೈರಿ ಆಗಿ ಕಸಕ್ಕೆ ಹೋಗುತ್ತೆ ಅಂದ್ರು. ಮೊದಲ ವರ್ಷ ಅವರ ಮಾತೇ ನಿಜ ಆಯ್ತು. ಈಗ ಎರಡೂವರೆ ವರ್ಷ ಆಗಿದೆ, ಕೆಲಸ ಗಟ್ಟಿಯಾಗಿ ಕಾಲೂರಿದೆ, ಅದಕ್ಕೇ ಬರೀತಿದ್ದೀನಿ.

ಶುರು ಆಗಿದ್ದು ಕಾರ್ಡಿಂದ. ಎಲ್ಲರ ಥರ ನಾನೂ 15 ನಿಮಿಷದ ಟ್ರೋಪ್-ಐ (ಟ್ರೋಪೋನಿನ್-ಐ) ಕಾರ್ಡ್ ಇಟ್ಕೊಂಡಿದ್ದೆ, ಕಟಾಫ್, ಅಂದ್ರೆ ದಾಟಿದ್ರೆ ಜಾಸ್ತಿ ಅನ್ನೋ ಗಡಿ, 0.5, ಗೆರೆ ಬಂದ್ರೆ ಪಾಸಿಟಿವ್, ಇಲ್ದಿದ್ರೆ ನೆಗೆಟಿವ್. ಒಂದಿನ ರಾತ್ರಿ ಒಂಬತ್ತರ ಹೊತ್ತಿಗೆ ಬಸ್ ಕಂಡಕ್ಟರ್ ಒಬ್ರು ಬಂದ್ರು, ಐವತ್ತರ ಒಳಗಿನ ವಯಸ್ಸು, ಎದೆ ಹಿಂಡಿದಂಗಾಗಿ ಒಂದೂವರೆ ಗಂಟೆ ಆಗಿತ್ತು, ಇಸಿಜಿಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಕಾರ್ಡ್ ಹಾಕ್ದೆ, ಗೆರೆ ಇಲ್ಲ. ನೆಗೆಟಿವ್ ಅಂತ ಬರೆದೆ. ಗ್ಯಾಸ್ ಮಾತ್ರೆ ತಗೊಂಡು ಮನೆಗೆ ಹೋದ್ರು, ಬೆಳಗಿನ ಜಾವ ಬೆವರಲ್ಲಿ ತೊಯ್ದು ಬಂದ್ರು, ಆಗ ಅದೇ ಕಾರ್ಡಲ್ಲಿ ಎರಡು ನಿಮಿಷಕ್ಕೇ ದಪ್ಪ ಗೆರೆ. ಬದುಕಿದ್ರು, ಆದ್ರೆ ಎಕೋದಲ್ಲಿ ಇಎಫ್ (ಹೃದಯ ಪ್ರತಿ ಬಡಿತಕ್ಕೆ ಎಷ್ಟು ಪರ್ಸೆಂಟ್ ರಕ್ತ ಹೊರಗೆ ತಳ್ಳುತ್ತೆ ಅನ್ನೋ ಲೆಕ್ಕ) 35ರ ಹತ್ರ ಇಳಿದಿತ್ತು. ಒಂದೂವರೆ ಗಂಟೆಗೆ ಆ ಕಾರ್ಡಲ್ಲಿ ಏನೂ ಕಾಣಲ್ಲ ಅನ್ನೋದು ನಂಗೆ ಗೊತ್ತಿತ್ತು. ಆದ್ರೂ ರಿಪೋರ್ಟಲ್ಲಿ ನೋವು ಎಷ್ಟೊತ್ತಿಗೆ ಶುರು, ಬ್ಲಡ್ ಎಷ್ಟೊತ್ತಿಗೆ ತೆಗೆದಿದ್ದು ಅಂತ ನಾನು ಬರೆದಿರಲಿಲ್ಲ. ಬರೆದಿದ್ರೆ ಡಾಕ್ಟ್ರು ನಿಲ್ಲಿಸ್ಕೊಳ್ತಿದ್ರು ಅಂತ ಈಗ್ಲೂ ಅನ್ಸುತ್ತೆ.

ಚೀಟಿ ಎತ್ತಿದ ದುಡ್ಡು ಲಕ್ಷ ಚಿಲ್ಲರೆ ಇತ್ತು, ಅದರಲ್ಲಿ ಕಾರ್ಡಿನ ಹೊಳಪು ಅಳೆದು ನಂಬರ್ ಕೊಡೋ ಫ್ಲೋರೆಸೆನ್ಸ್ ರೀಡರ್ ತಗೊಂಡೆ, ಸುಮಾರು 95 ಸಾವಿರ. ಕರೆಂಟ್ ಹೋದಾಗಿನ ಯುಪಿಎಸ್‌ಗೆ ಇನ್ನೊಂದು ಹನ್ನೆರಡು ಸಾವಿರ. 25ರ ಕಿಟ್ಟು ಒಂಬತ್ತು ಸಾವಿರದ ಆಸುಪಾಸು, ಅಂದ್ರೆ ಟೆಸ್ಟಿಗೆ 360-370 ಬೀಳುತ್ತೆ, ಕಂಟ್ರೋಲ್ (ಎಷ್ಟು ಬರಬೇಕು ಅಂತ ಮೊದಲೇ ಗೊತ್ತಿರೋ ಸ್ಯಾಂಪಲ್) ಖರ್ಚು ಬೇರೆ. ಮೊದಲನೇ ಕಿಟ್ಟಲ್ಲಿ 14 ಟೆಸ್ಟ್ ಎಕ್ಸ್‌ಪೈರಿ ಆಗಿ ಹೋಯ್ತು. ಎರಡನೇದು ಏಪ್ರಿಲ್ ತಿಂಗಳಲ್ಲಿ ಪಾರ್ಸೆಲ್ ಬಂದು ಬಸ್‌ಸ್ಟ್ಯಾಂಡಲ್ಲಿ ಒಂದಿನ ಬಿಸಿಲಲ್ಲಿ ಕೂತಿತ್ತು, ಕಂಟ್ರೋಲ್ ಹಾಕಿ ನೋಡಿದ್ರೆ ಬರಬೇಕಾದ್ದಕ್ಕಿಂತ ಮೂರನೇ ಒಂದು ಭಾಗ ಕಮ್ಮಿ. ಇಡೀ ಕಿಟ್ ಎಸೆದೆ. ಈ ಎರಡು ಕಿಟ್ಟಲ್ಲೇ ಹದಿನಾಲ್ಕು ಸಾವಿರದ ಹತ್ರ ಕಳ್ಕೊಂಡೆ.

ಮಾರೋಕೆ ಬಂದವನು "ಸಾರ್ ಇದು ಹೈ ಸೆನ್ಸಿಟಿವಿಟಿ, ಒಂದೇ ಗಂಟೆಗೆ ಎರಡನೇ ಸ್ಯಾಂಪಲ್ ಮಾಡ್ಬಹುದು" ಅಂದಿದ್ದ. ಹೈ ಸೆನ್ಸಿಟಿವಿಟಿ ಅನ್ನಬೇಕಾದ್ರೆ 99ನೇ ಪರ್ಸೆಂಟೈಲ್ (ಆರೋಗ್ಯವಾಗಿರೋರಲ್ಲಿ ನೂರಕ್ಕೆ 99 ಜನ ಇದರ ಒಳಗಿರ್ತಾರೆ ಅನ್ನೋ ಗಡಿ) ಹತ್ರ ಸಿವಿ, ಅಂದ್ರೆ ಒಂದೇ ಸ್ಯಾಂಪಲ್ ಮತ್ತೆ ಮತ್ತೆ ಹಾಕಿದ್ರೆ ನಂಬರ್ ಎಷ್ಟು ಪರ್ಸೆಂಟ್ ಅಲ್ಲಾಡುತ್ತೆ ಅನ್ನೋದು, 10ರ ಒಳಗೆ ಇರಬೇಕು, ಗಂಡಸರು ಹೆಂಗಸರು ಇಬ್ರಲ್ಲೂ ಆರೋಗ್ಯವಾಗಿರೋರಲ್ಲಿ ಅರ್ಧ ಜನಕ್ಕಾದ್ರೂ ನಂಬರ್ ಸಿಗಬೇಕು. ನಾನು ನಂಬ್ದೆ ಪರೀಕ್ಷೆ ಮಾಡ್ದೆ. ಒಂದು ರಕ್ತದಾನ ಶಿಬಿರದಲ್ಲಿ ಕೇಳ್ಕೊಂಡು ಮೂವತ್ತು ಜನರ ಸ್ಯಾಂಪಲ್ ತಗೊಂಡೆ, ಆರೋ ಏಳೋ ಜನಕ್ಕೆ ಮಾತ್ರ ನಂಬರ್ ಬಂತು, ಮಿಕ್ಕಿದ್ದೆಲ್ಲ "ಇದಕ್ಕಿಂತ ಕಮ್ಮಿ" ಅಂತ. ಆಮೇಲೆ ಕಟಾಫ್ ಹತ್ರದ ಒಂದೇ ಸ್ಯಾಂಪಲ್ಲನ್ನ ಇಪ್ಪತ್ತು ಸಲ ಹಾಕ್ದೆ, ಏಳು ಸಾವಿರದ ಕಾರ್ಡು ಒಂದೇ ಮಧ್ಯಾಹ್ನ ಖಾಲಿ, ಮನೇಲಿ ಮಾತು ಕೇಳ್ಬೇಕಾಯ್ತು, ಸಿವಿ ಬಂದಿದ್ದು 13ರ ಹತ್ರ. ಅಂದ್ರೆ ಯುರೋಪಿನ ಹೃದಯ ತಜ್ಞರು ಹೈ ಸೆನ್ಸಿಟಿವಿಟಿ ಟೆಸ್ಟಿಗೆ ಹೇಳಿರೋ ಒಂದು ಗಂಟೆ ಲೆಕ್ಕ ಈ ಮಿಷಿನ್ನಿಗೆ ನಡೆಯಲ್ಲ. ಆ ಏಳು ಸಾವಿರ ನಾನು ಮಾಡಿದ ಖರ್ಚಲ್ಲೆಲ್ಲ ಒಳ್ಳೇ ಖರ್ಚು, ಯಾಕಂದ್ರೆ ನನ್ನ ಮಿಷಿನ್ ಎಷ್ಟು ಅಲ್ಲಾಡುತ್ತೆ ಅಂತ ಈ ಸುತ್ತಮುತ್ತ ಗೊತ್ತಿರೋನು ನಾನೊಬ್ಬನೇ.

ಅಲ್ಲಿಂದ ಪದ್ಧತಿ ಗಟ್ಟಿ ಆಯ್ತು. ಬಂದ ತಕ್ಷಣ ಒಂದು, ಮೂರು ಗಂಟೆಗೆ ಇನ್ನೊಂದು, ಎರಡೂ ಕಮ್ಮಿ ಇದ್ದು ಡಾಕ್ಟ್ರಿಗೆ ಅನುಮಾನ ಹೋಗದಿದ್ರೆ ಆರು ಗಂಟೆಗೆ ಮೂರನೇದು. ಅದೇ ಮಿಷಿನ್, ಅದೇ ಲಾಟ್, ಅದೇ ಹಸಿರು ಮುಚ್ಚಳದ, ರಕ್ತ ಹೆಪ್ಪುಗಟ್ಟದಂಗೆ ಹೆಪಾರಿನ್ ಹಾಕಿರೋ ಟ್ಯೂಬ್. ಮೊದಲನೇದೇ ಜಾಸ್ತಿ ಇದ್ರೆ 20 ಪರ್ಸೆಂಟ್ ಮೇಲೆ ಬದಲಾದ್ರೆ ಮಾತ್ರ ಏರಿದೆ ಅಥವಾ ಇಳಿದಿದೆ ಅಂತೀನಿ, ಕಟಾಫ್ ಹತ್ರದ ನಂಬರಿಗೆ 50 ಪರ್ಸೆಂಟ್ ಬೇಕು. ಕಿಡ್ನಿ ಕೆಟ್ಟಿರೋರಿಗೆ ಟ್ರೋಪೋನಿನ್ ಎಷ್ಟೋ ಸಲ ಸ್ವಲ್ಪ ಮೇಲೇ ಇರುತ್ತೆ, ಡಯಾಲಿಸಿಸ್ ಪೇಷೆಂಟಿಗೆ ಒಂದೇ ನಂಬರ್ ಕೊಟ್ರೆ ಅದರಿಂದ ಗಾಬರಿ ಬಿಟ್ರೆ ಬೇರೇನೂ ಆಗಲ್ಲ, ಎರಡನೇ ನಂಬರಿಂದಾನೇ ಅರ್ಥ. ಎರಡಕ್ಕೂ ಸೇರಿ ಸಾವಿರ ರೂಪಾಯಿ ಅಂತ ಒಂದೇ ರೇಟ್ ಇಟ್ಟೆ. ಬೇರೆ ಬೇರೆ ರೇಟ್ ಇಟ್ಟಾಗ ಎರಡನೇದಕ್ಕೆ ಯಾರೂ ಕೂರ್ತಿರಲಿಲ್ಲ, ಮುಂಚೇನೇ ದುಡ್ಡು ಕೊಟ್ಟಿದ್ರೆ ಕೂತ್ಕೊಳ್ತಾರೆ.

ಇಸಿಜಿಯಲ್ಲಿ ಎಸ್‌ಟಿ ಗೆರೆ ಎದ್ದಿದ್ರೆ (ಹೃದಯದ ರಕ್ತನಾಳ ಕಟ್ಟಿರೋ ದೊಡ್ಡ ಹಾರ್ಟ್ ಅಟ್ಯಾಕಿನ ಗುರುತು) ನಾನು ಟ್ಯೂಬೇ ಮುಟ್ಟಲ್ಲ. ಅಂಥೋರಿಗೆ ಈಗ ಪುನೀತ್ ಹೃದಯ ಜ್ಯೋತಿ ಯೋಜನೆ ಇದೆ, ಸರ್ಕಾರಿ ಆಸ್ಪತ್ರೇಲೇ ಇಸಿಜಿ ನೋಡಿ ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಪುಕ್ಕಟೆ ಕೊಡ್ತಾರೆ, ನನ್ನ ರಿಪೋರ್ಟಿಗೆ ಕಾಯ್ತಾ ಕೂತ್ರೆ ಹೃದಯದ ಮಾಂಸ ಸಾಯ್ತಾ ಇರುತ್ತೆ. ನನ್ನ ಕೆಲಸ ಇಸಿಜಿಯಲ್ಲಿ ಸಿಗದೇ ಇರೋರದ್ದು. 2021ರ ಅಕ್ಟೋಬರಲ್ಲಿ ಅಪ್ಪು ಹೋದ್ಮೇಲೆ ಮೂವತ್ತು ಮೂವತ್ತೈದರ ಹುಡುಗ್ರೂ ಎದೆ ಹಿಡ್ಕೊಂಡು ಬರ್ತಾರೆ, ಅದರಲ್ಲಿ ಯಾರದ್ದು ಗ್ಯಾಸು ಯಾರದ್ದು ನಿಜ ಅಂತ ಮುಖ ನೋಡಿ ಹೇಳೋಕಾಗಲ್ಲ.

ಮೊದಲು ರಕ್ತ ಹೆಪ್ಪುಗಟ್ಟಿದ್ಮೇಲೆ ಸಿಗೋ ಸೀರಮ್ಮಲ್ಲಿ ಮಾಡ್ತಿದ್ದೆ, ಅದನ್ನ ಬಿಟ್ಟು ಹಸಿರು ಟ್ಯೂಬಿನ ಪ್ಲಾಸ್ಮಾಗೆ ಯಾಕೆ ಬಂದೆ ಅಂದ್ರೆ ಫೈಬ್ರಿನ್, ಹೆಪ್ಪಿನ ಎಳೆ. ಹೆಪಾರಿನ್ ಇಂಜೆಕ್ಷನ್ ಆಗಿ ಬಂದ ಪೇಷೆಂಟಿನ ರಕ್ತ ಸರಿಯಾಗಿ ಹೆಪ್ಪುಗಟ್ಟಲ್ಲ, ಅವಸರದಲ್ಲಿ ಸೆಂಟ್ರಿಫ್ಯೂಜ್ ಮಾಡಿದ್ರೆ ಮೇಲೆ ಜೇಡರ ಬಲೆಯ ಎಳೆ ಥರ ತೇಲ್ತಿರುತ್ತೆ, ಲೈಟಿಗೆ ಹಿಡಿದು ವಾಲಿಸಿದ್ರೆ ಮಾತ್ರ ಕಾಣುತ್ತೆ. ಅಂಥ ಒಂದು ಸ್ಯಾಂಪಲ್ 2.1 ಬಂತು, ಇನ್ನೊಂದ್ಸಲ ಸ್ಪಿನ್ ಮಾಡಿ ಹಾಕಿದ್ರೆ 0.03. ಮೊದಲನೇದನ್ನೇ ಕೊಟ್ಟಿದ್ರೆ ಆ ಮನುಷ್ಯನ್ನ ಆಂಬುಲೆನ್ಸಲ್ಲಿ ಬೆಂಗಳೂರಿಗೆ ಓಡಿಸ್ತಿದ್ರು. ಪ್ಲಾಸ್ಮಾಗೆ ಬಂದ್ಮೇಲೂ ನಾನು ಸ್ಪಿನ್ ಆದ ತಕ್ಷಣ ಒಂದು ಕೆಲಸ ಮಾಡ್ತೀನಿ, ಅದರಿಂದ ನನ್ನ ರಿಪೀಟುಗಳು ಅರ್ಧಕ್ಕರ್ಧ ಕಮ್ಮಿ ಆಗಿವೆ, ಅದನ್ನ ಇಲ್ಲಿ ಹೇಳಲ್ಲ, ಏಳು ಸಾವಿರದ ಕಾರ್ಡ್ ನೀವೂ ಸುಟ್ಟು ನೋಡಿ, ಗೊತ್ತಾಗುತ್ತೆ.

ಇನ್ನೊಂದು ಕೇಸು ಹೇಳ್ಲೇಬೇಕು. ಕೀಲುವಾತದ ಅಮ್ಮ ಒಬ್ರು, ಟ್ರೋಪೋನಿನ್ 0.9, ಮೂರು ಗಂಟೆಗೂ 0.9, ಮಾರನೇ ದಿನಾನೂ 0.9. ಹಾರ್ಟ್ ಅಟ್ಯಾಕ್ ಆಗಿದ್ರೆ ಏರಬೇಕು ಇಲ್ಲ ಇಳೀಬೇಕು, ಹಿಂಗೆ ಕಲ್ಲಿನ ಥರ ಕೂರಲ್ಲ. ಅರ್ಧಕ್ಕರ್ಧ ಡೈಲ್ಯೂಟ್ ಮಾಡ್ದೆ, 0.45 ಬರಬೇಕಾದ್ದು 0.1 ಬಂತು. ಅಲ್ಲಿಗೆ ಅವರ ರಕ್ತದಲ್ಲಿರೋ ಯಾವುದೋ ಆಂಟಿಬಾಡಿ ಟೆಸ್ಟಿಗೇ ಅಡ್ಡ ಬರ್ತಿದೆ ಅನ್ನೋದು ಹೆಚ್ಚುಕಮ್ಮಿ ಖಾತ್ರಿ. ಬೆಂಗಳೂರಲ್ಲಿ ಬೇರೆ ಮೆಥಡಲ್ಲಿ ಮಾಡಿಸಿದ್ರೆ ನಾರ್ಮಲ್. "ಬೇಡಪ್ಪಾ" ಅಂದಿದ್ದ ಅದೇ ಫಿಸಿಷಿಯನ್ ಅವತ್ತು ಲ್ಯಾಬಿಗೇ ಬಂದು ಕೂತು ಆ ಡೈಲ್ಯೂಷನ್ ಲೆಕ್ಕ ಪೂರ್ತಿ ಕೇಳಿಸ್ಕೊಂಡು ಹೋದ್ರು.

ಯೂನಿಟ್ ವಿಷಯಕ್ಕೆ ಜಗಳಾನೇ ಆಗಿದೆ. ಬೇರೆ ಊರಿನ ರಿಪೋರ್ಟಲ್ಲಿ 38, ನನ್ನದರಲ್ಲಿ 0.04, ಮನೆಯವರು ಟೇಬಲ್ ಗುದ್ದಿದ್ರು. ಅವರದ್ದು ಲೀಟರಿಗೆ ಇಷ್ಟು ನ್ಯಾನೋಗ್ರಾಂ ಅಂತ, ನನ್ನದು ಮಿಲಿಲೀಟರಿಗೆ, ನನ್ನದನ್ನ ಸಾವಿರದಿಂದ ಗುಣಿಸಿದ್ರೆ ಎರಡೂ ಹೆಚ್ಚುಕಮ್ಮಿ ಒಂದೇ. ಹಂಗಂತ ಬೇರೆ ಕಂಪನಿಯ ಟ್ರೋಪ್-ಐ ನಂಬರಿಗೂ ನಮ್ಮದಕ್ಕೂ ತಾಳೆ ಹಾಕಬಾರ್ದು. ಈಗ ಯೂನಿಟ್ಟನ್ನ ದಪ್ಪ ಅಕ್ಷರದಲ್ಲಿ ಪ್ರಿಂಟ್ ಮಾಡ್ತೀನಿ.

ಮಧ್ಯದಲ್ಲಿ ಸುಮ್ನೆ ಕುತೂಹಲಕ್ಕೆ ನನ್ನ ಅಕ್ಕನ ಮಗನ ಮೇಲೆ ಒಂದು ಪ್ರಯೋಗ ಮಾಡ್ದೆ. ಪೊಲೀಸ್ ಕಾನ್ಸ್‌ಟೇಬಲ್ಲಿಗೆ ಅಂತ ದಿನಾ 1600 ಮೀಟರ್ ಓಡ್ತಿದ್ದ, ಜೊತೆಗೆ ಬಸ್ಕಿ ಬೇರೆ. ಮಾರನೇ ದಿನ ಸಿಕೆ (ಮಾಂಸಖಂಡಕ್ಕೆ ಪೆಟ್ಟಾದ್ರೆ ರಕ್ತದಲ್ಲಿ ಏರೋ ಎಂಜೈಮು) ಎರಡು ಸಾವಿರದ ಹತ್ರ, ಅದರಲ್ಲೇ ಹೃದಯದಲ್ಲಿ ಜಾಸ್ತಿ ಇರೋ ಬಗೆಯಾದ ಸಿಕೆ-ಎಂಬಿನೂ ಮೇಲೆ, ಟ್ರೋಪೋನಿನ್ ಮಾತ್ರ ನನ್ನ ಮಿಷಿನ್ನಿಗೆ ಸಿಗದಷ್ಟು ಕಮ್ಮಿ. ಹೊಲದಲ್ಲಿ ದುಡಿದು ಮೈಕೈ ನೋವು ಅಂತ ಬರೋರಿಗೆ ಸಿಕೆ-ಎಂಬಿ ಒಂದನ್ನೇ ಮಾಡಿ ಹಾರ್ಟ್ ಅಂತ ಹೆದರಿಸೋದು ನಮ್ಮಲ್ಲಿ ಇನ್ನೂ ನಿಂತಿಲ್ಲ, ಆ ಎರಡು ರಿಪೋರ್ಟೂ ಗೋಡೆಗೆ ಅಂಟಿಸಿಟ್ಟಿದ್ದೀನಿ. ಚೇಳು ಕಚ್ಚಿದ ಮಕ್ಕಳದ್ದೂ ಮೂರ್ನಾಲ್ಕು ಮಾಡಿದ್ದೀನಿ, ವಿಷ ಹೃದಯದ ಮಾಂಸಕ್ಕೆ ಹೊಡೆದ್ರೆ ಟ್ರೋಪೋನಿನ್ ಏರುತ್ತೆ, ಅದರಲ್ಲಿ ಇಬ್ರಿಗೆ ಏರಿತ್ತು. ಆ ಮಕ್ಕಳ ದುಡ್ಡು ತಗೊಳ್ಳಲ್ಲ.

ಈಗ ತಿಂಗಳಿಗೆ ನಲವತ್ತು ಜೋಡಿ ಆಗುತ್ತೆ, ಜೋಡಿಗೆ ಇನ್ನೂರು ಉಳಿಯುತ್ತೆ ಅಂತ ಇಟ್ಕೊಳ್ಳಿ. ಮಿಷಿನ್ ದುಡ್ಡು ಪೂರ್ತಿ ಇನ್ನೂ ವಾಪಸ್ ಬಂದಿಲ್ಲ, ಈ ದೀಪಾವಳಿ ಹೊತ್ತಿಗೆ ಬರುತ್ತೆ. ಕಂಡಕ್ಟರ್ ಮೂರು ತಿಂಗಳಿಗೊಂದ್ಸಲ ಕ್ರಿಯಾಟಿನಿನ್ನು, ಪೊಟ್ಯಾಸಿಯಂ ಮಾಡಿಸೋಕೆ ಬರ್ತಾರೆ. ಟ್ಯೂಬ್ ಮೇಲೆ ಟೈಮು ನಾನೇ ಕೈಯಾರೆ ಬರೀತೀನಿ, ಅವರದ್ದಕ್ಕೂ.