ಹಳೇ ಡಬ್ಬಾ, ಹೊಸ ಟಿವಿ: ನನ್ನ ಅನುಭವ

"ಭಾವ, ಆ ಡಬ್ಬಾನ ಗುಜರಿಗೆ ಹಾಕಿ" ಅಂತ ನನ್ನ ಭಾಮೈದ ಎರಡು ತಿಂಗಳು ರೇಗಿಸಿದ. ಡಬ್ಬಾ ಅಂದರೆ 2008ರಲ್ಲಿ ಜೋಡಿಸಿದ ಡೆಸ್ಕ್‌ಟಾಪ್. ಕೋರ್ 2 ಡ್ಯುಯೋ ಪ್ರೊಸೆಸರ್, 945 ಮದರ್‌ಬೋರ್ಡು, ಚಿತ್ರ ಹೊರಬರಲು ಹಿಂದೆ ನೀಲಿ ವಿಜಿಎ (ಹಳೇ ಅನಲಾಗ್ ಕಿಂಡಿ) ಬಿಟ್ಟರೆ ಬೇರೆ ಗತಿಯಿಲ್ಲ. ಅದನ್ನು ಜೋಡಿಸಬೇಕೆಂದಿದ್ದ ಹೊಸ ಟಿವಿಯಲ್ಲಿ ಬರೀ ಎಚ್‌ಡಿಎಂಐ, ಅಂದರೆ ಡಿಜಿಟಲ್ ಕಿಂಡಿ. ಅಮ್ಮನ ಯಕ್ಷಗಾನವೆಲ್ಲ ಇದರ ಹಾರ್ಡ್‌ಡಿಸ್ಕ್‌ನಲ್ಲಿದೆ. ಪೆನ್‌ಡ್ರೈವ್‌ಗೆ ಹಾಕಬಹುದಿತ್ತಲ್ಲ ಅಂತೀರಾ? ಹಾಕಿದೆ. ಅರ್ಧಕ್ಕರ್ಧ ಫೈಲನ್ನು ಟಿವಿ ಓದಲೇ ಇಲ್ಲ.

ರಾಜಾಜಿನಗರದಿಂದ ಮೆಟ್ರೋ ಹತ್ತಿ, ಚಿಕ್ಕಪೇಟೆಯಲ್ಲಿ ಇಳಿದು, ಕಂಪ್ಯೂಟರ್ ಸಾಮಾನು ಸಿಗುವ ಎಸ್.ಪಿ. ರೋಡ್‌ಗೆ ಹೋದೆ. ಮೊದಲು ತಂದಿದ್ದು ಒಂದು ಕಡೆ ವಿಜಿಎ, ಇನ್ನೊಂದು ಕಡೆ ಎಚ್‌ಡಿಎಂಐ ಇರುವ ಬರೀ ಕೇಬಲ್. ನೂರೈವತ್ತು ರೂಪಾಯಿ ದಂಡ. ಅನಲಾಗನ್ನು ಡಿಜಿಟಲ್ ಮಾಡುವ ಚಿಪ್ಪೇ ಇಲ್ಲದ ಕೇಬಲ್‌ನಿಂದ ಚಿತ್ರ ಎಲ್ಲಿಂದ ಬರಬೇಕು? ಗೊತ್ತಿದ್ದೂ ಆಸೆಗೆ ಬಿದ್ದೆ.

ಎರಡನೇ ಸಲ ಸುಮಾರು ನಾನೂರೈವತ್ತು ಕೊಟ್ಟು ಆ ಚಿಪ್ ಇರುವ ಕನ್ವರ್ಟರ್ ತಂದೆ. ಚಿತ್ರ ಬಂತು, ಆದರೆ ರೆಸಲ್ಯೂಷನ್ 1024x768 ಬಿಟ್ಟು ಮೇಲೆ ಹತ್ತಲಿಲ್ಲ. ಭೀಮನ ಮುಖ ತಟ್ಟೆಯಷ್ಟು ಅಗಲ. ಅಂಗಡಿಯವನು "ಟಿವಿದೇ ಪ್ರಾಬ್ಲಮ್ ಸಾರ್" ಅಂದ. ಗ್ರಾಫಿಕ್ಸ್ ಡ್ರೈವರ್ (ಚಿತ್ರ ನಡೆಸುವ ಸಾಫ್ಟ್‌ವೇರ್) ಮೂರು ಸಲ ಹಾಕಿ ತೆಗೆದೆ, ಒಂದು ಭಾನುವಾರ ಪೂರ್ತಿ ಹೋಯಿತು. ಕೊನೆಗೆ ಕಂಪ್ಯೂಟರ್‌ಗೂ ಕನ್ವರ್ಟರ್‌ಗೂ ನಡುವಿನ ವಿಜಿಎ ಕೇಬಲ್ ಬಿಚ್ಚಿ, ಟಾರ್ಚ್ ಹಿಡಿದು ಪಿನ್ ಎಣಿಸಿದೆ. 9ನೇದು ಇರಲಿಲ್ಲ. ಅದು ಎಷ್ಟೋ ಕೇಬಲ್‌ಗಳಲ್ಲಿ ಇರುವುದಿಲ್ಲ, ಬಿಡಿ. ಆದರೆ 12 ಮತ್ತು 15 ಕೂಡ ಇರಲಿಲ್ಲ! ಮುಂದೆ ಕೂತಿರುವುದು ಎಂಥ ಸ್ಕ್ರೀನ್ ಅಂತ ಕಂಪ್ಯೂಟರ್‌ಗೆ ತಿಳಿಯುವುದೇ ಆ ಎರಡರಿಂದ. ಪೂರ್ತಿ ಪಿನ್ ಇರುವ ಗಿಡ್ಡ ಕೇಬಲ್ ಹಾಕಿದೆ, 1920x1080 ತಾನಾಗಿ ಬಂತು. ಗಿಡ್ಡದ್ದೇ ಇರಲಿ, ಉದ್ದ ಬೇಕಿದ್ದರೆ ಎಚ್‌ಡಿಎಂಐ ಕಡೆ ಎಳೆಯಿರಿ. ಹತ್ತಡಿ ವಿಜಿಎ ಎಳೆದಾಗ ಪ್ರತಿ ಅಕ್ಷರದ ಪಕ್ಕ ಒಂದು ನೆರಳು ಕಾಣುತ್ತಿತ್ತು.

ಹತ್ತು ನಿಮಿಷಕ್ಕೊಮ್ಮೆ ಪರದೆ ಕಪ್ಪಾಗುತ್ತಿತ್ತು. ಮುಂದಿನ ಯುಎಸ್‌ಬಿಯಿಂದ ಕನ್ವರ್ಟರ್‌ಗೆ ಕರೆಂಟ್ ಸಾಲುತ್ತಿರಲಿಲ್ಲ. ಹಳೇ ಮೊಬೈಲ್ ಚಾರ್ಜರ್‌ಗೆ ಸಿಕ್ಕಿಸಿದೆ, ಆ ಕಾಟ ತಪ್ಪಿತು. ಚಿತ್ರದ ಅಂಚು ಕತ್ತರಿಸಿ ಹೋಗುತ್ತಿದ್ದುದಕ್ಕೆ ಟಿವಿಯ ಪಿಕ್ಚರ್ ಸೈಜ್ ಬದಲಿಸಿದೆ, ಅಷ್ಟೇ. ಆಡಿಯೋ ತುಸು ಹಿಂದೆ ಬೀಳುತ್ತಿತ್ತು. ಅದನ್ನೂ ಸರಿ ಮಾಡಿದೆ, ಹೇಗೆ ಅಂತ ಮಾತ್ರ ಹೇಳಲ್ಲ. ಮನೆಗೆ ಬನ್ನಿ, ಕಾಫಿ ಕುಡಿಯುತ್ತಾ ತೋರಿಸುತ್ತೇನೆ.

ಮಧ್ಯೆ ಸುಮ್ನೆ ಒಂದು ಕಿತಾಪತಿ. ಗೆಳೆಯನ ಹತ್ತಿರ ಧೂಳು ತಿನ್ನುತ್ತಿದ್ದ 8400 ಜಿಎಸ್ ಗ್ರಾಫಿಕ್ಸ್ ಕಾರ್ಡ್ ಹಾಕಿ ನೋಡಿದೆ. ಎಚ್‌ಡಿಎಂಐಯಲ್ಲಿ ಚಿತ್ರ ಸೊಗಸು, ಶಬ್ದ ಸೊನ್ನೆ. ಬೋರ್ಡಿಂದ ಕಾರ್ಡಿಗೆ ಶಬ್ದ ಒಯ್ಯುವ ಎಸ್‌ಪಿಡಿಐಎಫ್ ವೈರ್ ಬೇಕು. ಆ ಎರಡೆಳೆ ವೈರ್‌ಗೆ ನಾಲ್ಕು ಅಂಗಡಿ ಸುತ್ತಿದೆ, ಸಿಗಲಿಲ್ಲ. ಕಾರ್ಡ್ ವಾಪಸ್ ಕೊಟ್ಟೆ.

ಯೂಟ್ಯೂಬ್ 720ಕ್ಕಿಂತ ಮೇಲೆ ಹೋದರೆ ಪ್ರೊಸೆಸರ್ ಏದುಸಿರು ಬಿಡುತ್ತದೆ. ಯಕ್ಷಗಾನಕ್ಕೆ ಅಷ್ಟು ಜಾಸ್ತಿಯೇ ಆಯಿತು.

ದಂಡ ಸೇರಿ ಒಟ್ಟು ಎಂಟುನೂರರ ಆಸುಪಾಸು ಖರ್ಚು. ಮೊನ್ನೆ ಭಾಮೈದ ಬಂದವನು ಪೂರ್ತಿ ಒಂದು ಪ್ರಸಂಗ ನೋಡಿದ. ಏಳುವಾಗ "ಫ್ಯಾನ್ ಸದ್ದು ಸ್ವಲ್ಪ ಜಾಸ್ತಿ ಅಲ್ವಾ, ಭಾವ" ಅಂದ.