37.8 ಡಿಗ್ರಿಯಲ್ಲಿ ನಿಲ್ಲುವ ನೀರಿನ ತೊಟ್ಟಿ: ನನ್ನ ಅನುಭವ

ಬಣ್ಣದ ನೆಗೆಟಿವ್ ಫಿಲ್ಮನ್ನು ಸಿ-41 ವಿಧಾನದಲ್ಲಿ ಡೆವಲಪ್ ಮಾಡುವಾಗ ಡೆವಲಪರ್ 37.8 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರಬೇಕು. ಕಾಲು ಡಿಗ್ರಿ ಏರುಪೇರೂ ಹೆಚ್ಚೇ. ಅದರ ನಂತರ ಬಳಸುವ ಬ್ಲೀಚ್, ಫಿಕ್ಸರ್ ದ್ರಾವಣಗಳಿಗೆ ಅಷ್ಟು ಬಿಗಿ ಇಲ್ಲ. ಒಂದು ಲೀಟರಿನ ಮೂರು ಬಾಟಲಿ ನಿಲ್ಲಿಸಲು ನಾನು ಮಾಡಿಕೊಂಡ ತೊಟ್ಟಿಯ ವಿವರ ಇದು. ಬಾಟಲಿಗಳಿಗಷ್ಟೇ, ಸ್ನಾನದ ನೀರಿಗೆ ಇದನ್ನು ಬಳಸಬಾರದು.

ಅಗಲ ಬಾಯಿಯ ಸ್ಟೀಲ್ ಟಬ್, 8 ಲೀಟರ್ ನೀರು, 3 ಲೀಟರ್ ದ್ರಾವಣ. ಈ 11 ಕಿಲೋ 25ರಿಂದ 38 ಡಿಗ್ರಿಗೆ ಏರಲು ಸುಮಾರು 6 ಲಕ್ಷ ಜೂಲ್ ಬೇಕು. ಲೆಕ್ಕದ ಪ್ರಕಾರ 1000 ವಾಟ್‌ಗೆ 10 ನಿಮಿಷ, 500 ವಾಟ್‌ಗೆ 20. ಬೇಗ ಕಾಯಲಿ ಎಂದು ದೊಡ್ಡ ಹೀಟರ್ ಕಾಯಿಲ್ ಹಾಕುವುದೇ ಇಲ್ಲಿ ಆಗುವ ಮೊದಲ ತಪ್ಪು. ಕರೆಂಟ್ ಕಡಿದ ಮೇಲೂ ಕಾಯಿಲ್‌ನ ಒಳಗಿನ ಬಿಸಿ ನೀರಿಗೆ ಇಳಿಯುತ್ತಲೇ ಇರುತ್ತದೆ, ಉಷ್ಣತೆ ಗುರಿ ದಾಟುತ್ತದೆ. ಹಾಗಾಗಿ 230 ವೋಲ್ಟ್, 1000 ವಾಟಿನ ಒಂದೇ ಬಗೆಯ ಎರಡು ಕಾಯಿಲ್‌ಗಳನ್ನು ಸೀರೀಸ್‌ನಲ್ಲಿ ಜೋಡಿಸಿದೆ. ಆಗ ತಲಾ 250, ಒಟ್ಟು 500 ವಾಟ್, ಎಳೆಯುವುದು 2.2 ಆಂಪಿಯರ್ ಮಾತ್ರ. ಕಾಯಿಲ್‌ನ ಮೈ ಅಷ್ಟಾಗಿ ಕಾಯದ ಕಾರಣ ಸುಣ್ಣದ ಪೊರೆ ಕಟ್ಟುವುದೂ ನಿಧಾನ. ಕಾಯಿಲ್‌ಗಳ ಮೇಲೆ ತೂತುಗಳ ಸ್ಟೀಲ್ ತಟ್ಟೆ ಇಟ್ಟರೆ ಬಾಟಲಿ ತಾಕುವುದಿಲ್ಲ.

ನಿಯಂತ್ರಣಕ್ಕೆ ಎಸ್‌ಟಿಸಿ-1000, ಅಂದರೆ ಸೆನ್ಸರ್ ಓದಿ ಹೀಟರನ್ನು ಹಚ್ಚಿ ಆರಿಸುವ ಕಂಟ್ರೋಲರ್. ಇದರ ರಿಲೇ (ಒಳಗಿನ ವಿದ್ಯುತ್ ಚಾಲಿತ ಸ್ವಿಚ್) 10 ಆಂಪಿಯರ್ ತಾಳುತ್ತದೆ. ಇದರ ಸೆಟ್ಟಿಂಗ್‌ಗಳಲ್ಲಿ ಎಫ್1ರಲ್ಲಿ ಗುರಿಯ ಉಷ್ಣತೆ, ಎಫ್2ರಲ್ಲಿ ವ್ಯತ್ಯಾಸ (ಗುರಿಗಿಂತ ಎಷ್ಟು ಇಳಿದಾಗ ಹೀಟರ್ ಮತ್ತೆ ಹತ್ತಬೇಕು) 0.3, ಎಫ್4ರಲ್ಲಿ ಸೆನ್ಸರಿನ ಓದಿಗೆ ತಿದ್ದುಪಡಿ. ಈ ಎಫ್4 ಬಿಟ್ಟರೆ ಉಳಿದ ಶ್ರಮವೆಲ್ಲ ವ್ಯರ್ಥ, ಏಕೆಂದರೆ ಸೆನ್ಸರ್ ಹೊಸದಾಗಿದ್ದರೂ ಒಂದು ಡಿಗ್ರಿ ತಪ್ಪು ತೋರಿಸಬಹುದು. ಮಂಜುಗಡ್ಡೆಯಲ್ಲಿ ಸೊನ್ನೆ ಹೊಂದಿಸುವುದಕ್ಕಿಂತ ಕೆಲಸದ ಉಷ್ಣತೆಯಲ್ಲೇ ಹೊಂದಿಸುವುದು ಮೇಲು. ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್ ಸರಿಯಾಗಿ ಈ ವ್ಯಾಪ್ತಿಗೇ ಮಾಡಿದ್ದು. ಅದರ ತುದಿಯನ್ನು ಸೆನ್ಸರ್ ಪಕ್ಕದಲ್ಲೇ ಮುಳುಗಿಸಿ ಹೋಲಿಸಿ.

ಕಂಟ್ರೋಲರ್ ಎಷ್ಟೇ ಒಳ್ಳೆಯದಿರಲಿ, ನೀರು ಕದಡದಿದ್ದರೆ ಪ್ರಯೋಜನವಿಲ್ಲ. ಬಿಸಿನೀರು ಮೇಲೇರಿ ನಿಲ್ಲುತ್ತದೆ, ತಳ ತಣ್ಣಗೇ ಉಳಿಯುತ್ತದೆ, ಸೆನ್ಸರ್ ಎಲ್ಲಿದೆಯೋ ಅಲ್ಲಿಯ ಕಥೆಯನ್ನಷ್ಟೇ ಹೇಳುತ್ತದೆ. 12 ವೋಲ್ಟಿನ ಸಣ್ಣ ಸಬ್‌ಮರ್ಸಿಬಲ್ ಪಂಪನ್ನು ಒಂದು ಮೂಲೆಯಲ್ಲಿ, ಅಂಚಿನುದ್ದಕ್ಕೂ ನೀರು ಸುತ್ತುವಂತೆ ಇಟ್ಟಿದ್ದೇನೆ. ಸೆನ್ಸರ್ ಎದುರು ಮೂಲೆಯಲ್ಲಿ, ಅರ್ಧ ಆಳದಲ್ಲಿ, ಕಾಯಿಲ್‌ನಿಂದ ದೂರ. ಎಫ್1 ಅನ್ನು 37.9ಕ್ಕೆ ಇಟ್ಟಾಗ ನೀರು 37.6 ಮತ್ತು 38.1ರ ನಡುವೆ ಆಡುತ್ತದೆ. ಬಾಟಲಿಯ ಒಳಗೆ ಆ ಏರಿಳಿತ ತಲುಪುವಷ್ಟರಲ್ಲಿ ತಗ್ಗಿಹೋಗುತ್ತದೆ. ಆದರೆ ಬಾಟಲಿ ಕಾಯುವುದೂ ತಡವೇ, ಅದರಲ್ಲೂ ಪ್ಲಾಸ್ಟಿಕ್ಕಿನದು. ತೊಟ್ಟಿಯ ಅಂಕಿ ನೋಡಿ ಅವಸರಪಡದೆ ದ್ರಾವಣದಲ್ಲೇ ಥರ್ಮಾಮೀಟರ್ ಇಳಿಸಿ ನೋಡಬೇಕು.

ಇನ್ನು ಸುರಕ್ಷತೆ. ಸೆನ್ಸರ್ ಜಾರಿ ನೀರಿನಿಂದ ಹೊರಗೆ ಬಿದ್ದರೆ ಅದು ಗಾಳಿಯ ಉಷ್ಣತೆ ಓದುತ್ತದೆ, ಹೀಟರ್ ನಿಲ್ಲುವುದೇ ಇಲ್ಲ. ರಿಲೇ ಅಂಟಿಕೊಂಡರೂ ಅದೇ ಗತಿ. ಇದಕ್ಕೆಂದು ಫೇಸ್ ವೈರಿನಲ್ಲಿ 55 ಡಿಗ್ರಿಯ ಕೆಎಸ್‌ಡಿ301 ಕಟ್‌ಔಟ್ (ಆ ಬಿಸಿ ಮುಟ್ಟಿದರೆ ಕರೆಂಟ್ ಕಡಿಯುವ ಸ್ವಿಚ್), ಕೈಯಿಂದ ರೀಸೆಟ್ ಮಾಡುವ ಬಗೆಯದು, ಟಬ್ಬಿನ ಹೊರಮೈಗೆ ನೀರಿನ ಮಟ್ಟಕ್ಕಿಂತ ಕೆಳಗೆ ಥರ್ಮಲ್ ಪೇಸ್ಟ್ ಹಚ್ಚಿ ಬಿಗಿದಿದ್ದೇನೆ. ನೀರು ಇಳಿದು ಕಾಯಿಲ್ ಬರಿದಾದರೆ ಇದು ರಕ್ಷಣೆ ಕೊಡುವುದಿಲ್ಲ. ಅದಕ್ಕೆ ನೀರಿನ ಮಟ್ಟ ಇಳಿದಾಗ ಕಡಿಯುವ ಫ್ಲೋಟ್ ಸ್ವಿಚ್ ಬೇಕು. ಆದರೆ ಫ್ಲೋಟ್‌ನ ಒಳಗಿನ ಸಣ್ಣ ರೀಡ್ ಕಾಂಟ್ಯಾಕ್ಟ್ ಹೀಟರಿನ ಕರೆಂಟ್ ತಾಳದೆ ಬೆಸೆದುಕೊಳ್ಳುತ್ತದೆ. ಆದ್ದರಿಂದ ಪಂಪಿನ 12 ವೋಲ್ಟ್ ಅಡಾಪ್ಟರಿನಿಂದಲೇ ಫ್ಲೋಟ್ ಮೂಲಕ ಒಂದು ರಿಲೇ ನಡೆಸಿ, ಆ ರಿಲೇಯಿಂದ ಹೀಟರಿನ ಫೇಸ್ ಕಡಿಯುವಂತೆ ಮಾಡಿದೆ. ರಿಲೇ ಕಡಿಯುವಾಗ ಏಳುವ ವೋಲ್ಟೇಜ್ ರೀಡ್ ಕಾಂಟ್ಯಾಕ್ಟನ್ನು ಸುಡದಂತೆ ರಿಲೇ ಕಾಯಿಲ್‌ಗೆ ಅಡ್ಡಲಾಗಿ, ಉಲ್ಟಾ ದಿಕ್ಕಿನಲ್ಲಿ ಒಂದು 1ಎನ್4007 ಡಯೋಡ್. ಅಡಾಪ್ಟರ್ ಸತ್ತು ಪಂಪ್ ನಿಂತರೆ ಹೀಟರೂ ನಿಲ್ಲುತ್ತದೆ ಎಂಬುದು ಇದರ ಇನ್ನೊಂದು ಲಾಭ.

ಟಬ್‌ಗೂ ಎರಡೂ ಕಾಯಿಲ್‌ಗಳ ಹೊರಕವಚಕ್ಕೂ ಅರ್ಥ್ ಕಡ್ಡಾಯ, ಲೈನಿನಲ್ಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್). ಅಷ್ಟಿದ್ದರೂ ಪ್ಲಗ್ ಕಿತ್ತ ಮೇಲೆಯೇ ನೀರಿಗೆ ಕೈ ಹಾಕಬೇಕು. 230 ವೋಲ್ಟ್ ವೈರಿಂಗ್ ಮಾಡಿ ಅಭ್ಯಾಸವಿಲ್ಲದವರು ಆ ಭಾಗವನ್ನು ಎಲೆಕ್ಟ್ರಿಷಿಯನ್‌ಗೆ ಬಿಡುವುದೇ ಸರಿ.

ಕೆಲವು ತಿಂಗಳ ಬಳಕೆಯ ನಂತರ ನೀರು ಕಾಯುವ ಮೊದಲೇ ಹೀಟರ್ ಕಡಿಯತೊಡಗಿದರೆ ಸೆನ್ಸರ್ ತುದಿಗೆ ನೀರು ನುಗ್ಗಿರುತ್ತದೆ. ಈ ಸೆನ್ಸರ್ ಎನ್‌ಟಿಸಿ ಬಗೆಯದು, ಬಿಸಿ ಏರಿದಂತೆ ಅದರ ರೋಧ ಇಳಿಯುತ್ತದೆ. ಒದ್ದೆಯಾದಾಗಲೂ ರೋಧ ಕುಸಿದು, ಇರುವುದಕ್ಕಿಂತ ಹೆಚ್ಚು ಬಿಸಿ ತೋರಿಸುತ್ತದೆ. ಒಣಗಿಸಿ ನೋಡುತ್ತ ಕೂರದೆ ಸೆನ್ಸರ್ ಬದಲಿಸಿ, ಹೊಸದಕ್ಕೆ ಒಳಮೈಗೆ ಅಂಟು ಬಳಿದಿರುವ ಹೀಟ್‌ಶ್ರಿಂಕ್ ಕೊಳವೆ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವಂಥದ್ದು) ಹಾಕಿ, ಎಫ್4 ಮತ್ತೆ ಹೊಂದಿಸಿ.